ತೋಟಾ ತುಂಬುವವರ ಜಮಾ-ಖರ್ಚು



ಬೆಳೆ ಕಾಯಲು ಕೋವಿ ಇಟ್ಟುಕೊಂಡವರು ನಾಲ್ವರು ಕಲೆತರೆ ತೋಟಾ ದುಬಾರಿಯಾಯಿತೆಂಬ ಮಾತು ಬಂದೇ ಬರುತ್ತದೆ. ಅದರ ಬೆನ್ನಿಗೇ, ಅಮೆರಿಕದಲ್ಲಿ ಹಾರಿಸಿದ ತೋಟಾವನ್ನು ಮನೆಯಲ್ಲೇ ಮತ್ತೆ ತುಂಬಿ ಹಣ ಉಳಿಸುತ್ತಾರಂತೆ ಎಂಬ ಸುದ್ದಿಯೂ ಬರುತ್ತದೆ. ಸುದ್ದಿ ನಿಜ, ಲೆಕ್ಕ ಮಾತ್ರ ಅರ್ಧ ಎಂಬುದು ನಮ್ಮ ಅಭಿಪ್ರಾಯ.

ತೋಟಾದಲ್ಲಿರುವುದು ನಾಲ್ಕು ವಸ್ತು: ಹಿತ್ತಾಳೆಯ ಕೋಶ, ಕೇಪು, ಮದ್ದು, ಗುಂಡು. ಹಾರಿಸಿದ ಮೇಲೆ ಮತ್ತೆ ಬಳಕೆಗೆ ಬರುವುದು ಕೋಶವೊಂದೇ. ಅದನ್ನು ಅಚ್ಚಿನಲ್ಲೊತ್ತಿ ಅಳತೆಗೆ ತಂದು, ಹೊಸ ಕೇಪು ಕೂರಿಸಿ, ಮದ್ದು ತೂಗಿ ಹಾಕಿ, ಗುಂಡನ್ನು ಬಿಗಿಯುತ್ತಾರೆ. ಮದ್ದಿನ ತೂಕ ಗ್ರೇನಿನಲ್ಲಿ. ಪೌಂಡಿಗೆ 7,000 ಗ್ರೇನ್. 5 ಗ್ರೇನ್ ಬೇಡುವ ಪಿಸ್ತೂಲಿನ ತೋಟಾವಾದರೆ ಒಂದು ಪೌಂಡಿಗೆ 1,400 ಈಡು. 44 ಗ್ರೇನ್ ಬೇಡುವ ರೈಫಲಿನದಾದರೆ 159. 1958ರಲ್ಲಿ ರಿಚರ್ಡ್ ಲೀ ಎಂಬವರು ಅಗ್ಗದ ಕೈಸಾಧನವೊಂದನ್ನು ಮಾಡಿದ ಮೇಲೆ ಈ ಕೆಲಸ ಅಲ್ಲಿ ಸಾಮಾನ್ಯರಿಗೂ ಎಟುಕಿತು.

ಇನ್ನು ಖರ್ಚು. ಒತ್ತುಯಂತ್ರ, ಅಚ್ಚು, ತಕ್ಕಡಿ, ಅಳತೆಗೋಲು ಎಲ್ಲಕ್ಕೂ ಮೊದಲೇ ಹಣ ಹಾಕಬೇಕು. ಈಡು ಅಗ್ಗವಾದ ಕೂಡಲೇ ಹೆಚ್ಚು ಹಾರಿಸುವ ಚಪಲ ಹುಟ್ಟುವುದರಿಂದ ಉಳಿತಾಯ ಜೇಬಿನಲ್ಲಿ ನಿಲ್ಲದೆಂದು ಆ ಹವ್ಯಾಸಿಗಳೇ ನಗುತ್ತಾ ಹೇಳುತ್ತಾರೆ. 2020-21ರಲ್ಲಿ ಅಲ್ಲಿ ಕೇಪಿನ ಅಭಾವವಾದಾಗ ಯಂತ್ರವಿದ್ದವರೂ ಕೈಕಟ್ಟಿ ಕೂರಬೇಕಾಯಿತು. ಗಮನ ತಪ್ಪಿ ಪಿಸ್ತೂಲಿನ ಕೋಶಕ್ಕೆ ಎರಡು ಸಲ ಮದ್ದು ಬಿದ್ದರೂ ಅದು ಅನೇಕ ವೇಳೆ ಒಳಗೇ ಅಡಗುತ್ತದೆ. ಹಾರಿಸಿದಾಗ ಆಯುಧ ಸಿಡಿಯುತ್ತದೆ. ಸೀಸದ ಧೂಳಿನ ಅಪಾಯ ಬೇರೆ.

ಹಾಗಾದರೆ ಲಾಭವಿಲ್ಲವೇ? ಇದೆ. ತನ್ನ ರೈಫಲಿಗೆ ಒಪ್ಪುವ ಈಡನ್ನು ತಾನೇ ಹದ ಮಾಡಿ ಗುರಿಯನ್ನು ನಿಖರಗೊಳಿಸಬಹುದು, ಅಂಗಡಿಯಲ್ಲಿ ತೋಟಾ ಸಿಗದ ಹಳೆಯ ಕೋವಿಯನ್ನು ಬಳಕೆಯಲ್ಲಿಡಬಹುದು, ತಾಳ್ಮೆ ಕಲಿಯಬಹುದು. ಇವು ದೊಡ್ಡ ಲಾಭಗಳೇ, ಆದರೆ ನಗದಿನವಲ್ಲ.

ನಮ್ಮ ನೆಲದಲ್ಲಿ ಮಾತೇ ಬೇರೆ. 1959ರ ಶಸ್ತ್ರಾಸ್ತ್ರ ಕಾಯಿದೆಯ 5ನೇ ಕಲಮಿನಂತೆ ಮದ್ದುಗುಂಡು ತಯಾರಿಕೆಗೆ ಪ್ರತ್ಯೇಕ ಪರವಾನಗಿ ಬೇಕು. ಕೋವಿಯ ಪರವಾನಗಿ ಸಾಲದು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ 2029ರ ಅಕ್ಟೋಬರ್ 31ರವರೆಗೆ ಇರುವ ವಿನಾಯಿತಿ 3 ಮತ್ತು 4ನೇ ಕಲಮುಗಳಿಗೆ ಸಂಬಂಧಿಸಿದ್ದು. ಹಿರಿಯರು ಕೇಪಿನ ಕೋವಿಗೆ ಮದ್ದು ಗಿಡಿದದ್ದನ್ನು ಕಂಡವರು ಇನ್ನೊಂದು ಮಾತು ನೆನಪಿಡಬೇಕು: ಕರಿಮದ್ದಿನ ಅಳತೆಯಲ್ಲಿ ಹೊಗೆಯಿಲ್ಲದ ಮದ್ದು ಹಾಕಿದರೆ ನಳಿಕೆ ಒಡೆಯುತ್ತದೆ. ನಾಲ್ಕು ಕಾಸಿನ ಆಸೆಗೆ ಕೈಬೆರಳನ್ನೂ ಪರವಾನಗಿಯನ್ನೂ ಕಳೆದುಕೊಳ್ಳುವುದು ಬೇಡ.

ಆದರೆ ಆ ಲೆಕ್ಕದಿಂದ ಕಲಿಯುವ ಪಾಠವೊಂದಿದೆ. ತೋಟಾ ತುಂಬುವವನು ಉಳಿತಾಯ ಹೇಳುವಾಗ ಸಂಜೆಗಳ ದುಡಿಮೆಯನ್ನು ಖರ್ಚಿಗೆ ಬರೆಯುವುದಿಲ್ಲ. ಅವನಿಗದು ಸಂತೋಷ, ಬರೆಯದಿದ್ದರೂ ನಡೆದೀತು. ಮನೆಮಂದಿಯೆಲ್ಲ ಕೂತು ಅಡಿಕೆ ಸುಲಿದು, ಕಣದಲ್ಲಿ ಕಾಫಿ ಹರಡಿ, ಆ ಕೂಲಿಯನ್ನು ಬರೆಯದೆ ಲಾಭ ಬಂತೆನ್ನುವ ನಾವೂ ಅದೇ ಲೆಕ್ಕ ಇಡುತ್ತಿದ್ದೇವೆ. ನಮಗೆ ಅದು ಹವ್ಯಾಸವಲ್ಲ, ಜೀವನ. ಈ ಸಾಲಿನ ತೋಟದ ಲೆಕ್ಕಪುಸ್ತಕದಲ್ಲಿ ಮನೆಯವರ ದುಡಿಮೆಗೂ ಒಂದು ಕಾಲಂ ಹಾಕಬೇಕೆಂದು ಸದಸ್ಯ ಬಾಂಧವರಲ್ಲಿ ಕೋರುತ್ತೇವೆ.

— ಕಾರ್ಯದರ್ಶಿ