ಮೇಲಂತಸ್ತಿನ ಮದ್ರಸ, ಕೆಳಗೇ ಉಳಿದ ಮಕ್ಕಳು

ನಮ್ಮ ಕಡೆ ಮದ್ರಸ ಕಟ್ಟುವುದಕ್ಕೆ ಒಂದು ರೂಢಿ ಉಂಟು. ಕೆಳಗೆ ರಸ್ತೆಗೆ ಮುಖ ಮಾಡಿ ನಾಲ್ಕೈದು ಅಂಗಡಿ ಕೋಣೆ, ಮೇಲೆ ತರಗತಿಗಳು. ಅಂಗಡಿಯ ಬಾಡಿಗೆಯಿಂದ ಉಸ್ತಾದರ ಸಂಬಳ, ಕರೆಂಟು ಬಿಲ್ಲು, ಸುಣ್ಣ ಬಣ್ಣ ಎಲ್ಲ ನಡೆಯುತ್ತದೆ. ಹಿರಿಯರು ಯೋಚಿಸಿ ಮಾಡಿದ ಲೆಕ್ಕ ಅದು, ತಪ್ಪು ಅಂತ ಹೇಳುವ ಹಾಗಿಲ್ಲ. ಆದರೆ ಆ ಲೆಕ್ಕದಲ್ಲಿ ಇಪ್ಪತ್ತು ಮೆಟ್ಟಿಲು ಹತ್ತಲಾಗದ ಮಗು ಎಲ್ಲಿಯೂ ಬರುವುದಿಲ್ಲ.

ಈ ವಿಷಯ ಎತ್ತಿದರೆ ಬರುವ ಮೊದಲ ಉತ್ತರ, "ನಮ್ಮ ಮಹಲ್ಲಿನಲ್ಲಿ ಅಂಥ ಮಕ್ಕಳೇ ಇಲ್ಲ ಉಸ್ತಾದ್". ಇಲ್ಲದೆ ಎಲ್ಲಿ ಹೋದರು? 2011ರ ಜನಗಣತಿ ಪ್ರಕಾರ ನಮ್ಮ ರಾಜ್ಯದಲ್ಲೇ 13 ಲಕ್ಷಕ್ಕಿಂತ ಹೆಚ್ಚು ಅಂಗವಿಕಲರಿದ್ದಾರೆ. ಪುತ್ತೂರು, ಬೆಳ್ತಂಗಡಿ, ಸುಳ್ಯ ಕಡೆಯ ಗೇರು ತೋಟದ ಬುಡದ ಊರುಗಳಲ್ಲಿ ಎಂಡೋಸಲ್ಫಾನ್ ಮಾಡಿಟ್ಟ ಅನಾಹುತ ಯಾರಿಗೆ ಗೊತ್ತಿಲ್ಲ? ಹೆಲಿಕಾಪ್ಟರಿನಿಂದ ಸುರಿದ ಆ ವಿಷಕ್ಕೆ ಜಾತಿ ಧರ್ಮ ಗೊತ್ತಿರಲಿಲ್ಲ. ಮಕ್ಕಳು ಇದ್ದಾರೆ. ಮದುವೆ ಮನೆಗೂ ಬರುವುದಿಲ್ಲ, ಮೀಲಾದ್ ಕಾರ್ಯಕ್ರಮಕ್ಕೂ ಬರುವುದಿಲ್ಲ, ಹಾಗಾಗಿ ನಮ್ಮ ಕಣ್ಣಿಗೆ ಬೀಳುವುದಿಲ್ಲ, ಅಷ್ಟೆ. ಮನೆ ಮನೆಗೆ ಹೋಗಿ ವಂತಿಗೆ ಎತ್ತುವ ಕಮಿಟಿಯವರು ಒಮ್ಮೆ ಒಳಕೋಣೆಯ ಬಗ್ಗೆಯೂ ವಿಚಾರಿಸಿದರೆ ಪಟ್ಟಿ ತಾನಾಗಿ ಸಿಗುತ್ತದೆ.

ಎರಡನೇ ಉತ್ತರ ಇನ್ನೊಂದು. "ಎತ್ತಿಕೊಂಡು ಹೋದರಾಯ್ತಲ್ಲ, ನಮ್ಮ ಹುಡುಗರು ಇದ್ದಾರೆ." ಒಳ್ಳೆಯ ಮನಸ್ಸಿನ ಮಾತೇ. ಆದರೆ ಎತ್ತುವುದು ಎಷ್ಟು ವರ್ಷ? ಒಂದನೇ ತರಗತಿಯ ಮಗುವನ್ನು ಉಮ್ಮ ಸೊಂಟದಲ್ಲಿ ಕೂರಿಸಿಕೊಂಡು ಬರುತ್ತಾಳೆ. ಮೂರನೆಯದಕ್ಕೆ ಬರುವಾಗ ತಂದೆಯೇ ಬೇಕು. ತಂದೆ ಗಲ್ಫಿನಲ್ಲಿದ್ದರೆ ಮಾಮ ಬರಬೇಕು, ಮಾಮನಿಗೆ ಬೆಳಿಗ್ಗೆ ಕೆಲಸಕ್ಕೆ ಹೋಗಲಿಕ್ಕುಂಟು. ಮಳೆಗಾಲದಲ್ಲಿ ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಮಗು, ಕಾಲಡಿಯಲ್ಲಿ ಪಾಚಿ ಹಿಡಿದ ಕೆಂಪು ಕಲ್ಲಿನ ಮೆಟ್ಟಿಲು.

ಹೆಣ್ಣು ಮಗುವಾದರೆ ಕಲಿಕೆ ಇನ್ನೂ ಬೇಗ ನಿಲ್ಲುತ್ತದೆ. ಹತ್ತು, ಹನ್ನೊಂದು ವಯಸ್ಸಾಗುವಾಗ ಅವಳನ್ನು ಎತ್ತುವವರು ಯಾರು? ಉಸ್ತಾದರು ಎತ್ತುವ ಹಾಗಿಲ್ಲ, ನೆರೆಮನೆಯ ಹುಡುಗರು ಎತ್ತುವ ಹಾಗಿಲ್ಲ. ಉಮ್ಮನ ಸೊಂಟ ಅಷ್ಟರಲ್ಲಿ ಹೋಗಿರುತ್ತದೆ. ಐದನೇ ತರಗತಿಯ ಪಬ್ಲಿಕ್ ಪರೀಕ್ಷೆ ಒಂದು ಬರೆಸಿ ನಿಲ್ಲಿಸುತ್ತಾರೆ, ಕೆಲವರು ಅಷ್ಟಕ್ಕೂ ಕಾಯುವುದಿಲ್ಲ. ಓದಲಿಕ್ಕೆ ಆಗದೆ ಬಿಟ್ಟದ್ದಲ್ಲ ಅದು. ತಜ್‌ವೀದ್ ಸ್ಪಷ್ಟ ಇರುವ, ಒಮ್ಮೆ ಹೇಳಿಕೊಟ್ಟದ್ದನ್ನು ಮರೆಯದ ಮಕ್ಕಳೂ ಹೀಗೆ ಮನೆಯಲ್ಲಿ ಕೂತಿದ್ದಾರೆ. ಹಾಜರಿ ಪುಸ್ತಕದಲ್ಲಿ ಆ ಹೆಸರಿನ ಮುಂದೆ ಒಂದು ಗೆರೆ ಬೀಳುತ್ತದೆ. ಕಾರಣ ಮೆಟ್ಟಿಲು ಅಂತ ಯಾರೂ ಬರೆಯುವುದಿಲ್ಲ.

ಇನ್ನು ಶೌಚಾಲಯದ ಮಾತು. ಇದನ್ನು ಹೇಳಲಿಕ್ಕೆ ನಾಚಿಕೊಳ್ಳುತ್ತೇವೆ, ಅದಕ್ಕೇ ಇದು ಸರಿಯಾಗುವುದಿಲ್ಲ. ಮದ್ರಸ ಬಿಟ್ಟ ಕೂಡಲೇ ಮಗು ಶಾಲೆಗೆ ಹೋಗಬೇಕು. ನಮ್ಮವರೇ ನಡೆಸುವ ಶಾಲೆಗಳಲ್ಲೂ ಶೌಚಾಲಯ ಕಟ್ಟಡದ ಹಿಂದೆ, ಎರಡು ಮೆಟ್ಟಿಲು ಮೇಲೆ. ಬಾಗಿಲು ಎರಡಡಿ ಅಗಲ, ಅದೂ ಒಳಗೆ ತೆರೆಯುವಂಥದ್ದು. ವೀಲ್‌ಚೇರು ಒಳಗೆ ಹೋಗುವುದಿಲ್ಲ, ಹೋದರೂ ಬಾಗಿಲು ಹಾಕಲಿಕ್ಕೆ ಆಗುವುದಿಲ್ಲ. ಹಾಗಾಗಿ ಈ ಮಕ್ಕಳು ಏನು ಮಾಡುತ್ತಾರೆ ಗೊತ್ತುಂಟಾ? ಸುಬಹಿಗೆ ಎದ್ದವರು ಸಂಜೆ ಮನೆಗೆ ಬರುವವರೆಗೆ ನೀರು ಕುಡಿಯುವುದಿಲ್ಲ. ಯಾವ ಮದ್‌ಹಬಿನಲ್ಲೂ ಇಲ್ಲದ ಉಪವಾಸ ಇದು.

ರ‍್ಯಾಂಪ್ ಇದೆಯಲ್ಲ ಅಂತ ಕೆಲವು ಶಾಲೆಯವರು ತೋರಿಸುತ್ತಾರೆ. ಹೋಗಿ ನೋಡಿದರೆ ಅದು ಬೈಕ್ ಹತ್ತಿಸಲಿಕ್ಕೆ ಮಾಡಿದ ಹಾಗೆ ಇರುತ್ತದೆ. ಇಲ್ಲಿ ಒಂದು ಸಣ್ಣ ಲೆಕ್ಕ ಉಂಟು, ಮೇಸ್ತ್ರಿಗೆ ಹೇಳುವ ಮೊದಲು ಕಮಿಟಿಯವರಿಗೆ ಗೊತ್ತಿರಬೇಕು. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ಇದಕ್ಕಿಂತ ಕಡಿದಾಗಿರಬಾರದು. ಆರಾರು ಇಂಚಿನ ಮೂರು ಮೆಟ್ಟಿಲು ಇದ್ದರೆ ಒಟ್ಟು ಎತ್ತರ ಒಂದೂವರೆ ಅಡಿ, ಹಾಗಾದರೆ ರ‍್ಯಾಂಪ್ ಹದಿನೆಂಟು ಅಡಿ ಬೇಕು. ನಾವು ಮಾಡುವುದು ಐದಾರು ಅಡಿ. ಹತ್ತುವಾಗ ಇಬ್ಬರು ದೂಡಬೇಕು, ಇಳಿಯುವಾಗ ಕುರ್ಚಿಯೇ ಮಗುವನ್ನು ಎಳೆದುಕೊಂಡು ಹೋಗುತ್ತದೆ. ಅಂಥ ರ‍್ಯಾಂಪಿಗಿಂತ ಮೆಟ್ಟಿಲೇ ವಾಸಿ. ಅಂಗಳದಲ್ಲಿ ಉದ್ದ ಸಾಲದಿದ್ದರೆ ಅರ್ಧಕ್ಕೆ ಐದಡಿಯ ಒಂದು ಸಮತಟ್ಟು ಜಾಗ ಮಾಡಿ ತಿರುಗಿಸಬಹುದು. ಅಗಲ ನಾಲ್ಕು ಅಡಿ. ಎರಡೂ ಬದಿಗೆ ಹಿಡಿಯಲಿಕ್ಕೆ ಕಂಬಿ, ಚಕ್ರ ಜಾರದ ಹಾಗೆ ಅಂಚಿಗೆ ಸಣ್ಣ ಕಟ್ಟೆ. ಮೇಲೆ ನುಣುಪು ಟೈಲ್ಸ್ ಹಾಕಲೇಬಾರದು, ಸಿಮೆಂಟ್ ಹಸಿ ಇರುವಾಗ ಹಿಡಿಸೂಡಿ ಎಳೆದು ಗೆರೆ ಮಾಡಿದರೆ ಸಾಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀಳುವ ಮಳೆಗೆ ಮೇಲೊಂದು ಶೀಟು ಬೇಕು. ಬಾಗಿಲು ತೆರೆದಾಗ ಮೂರಡಿ ಜಾಗ ಸಿಗಬೇಕು, ಹೊಸ್ತಿಲು ಎತ್ತರ ಇರಬಾರದು. ಕಣ್ಣು ಮಂದ ಇರುವ ಮಕ್ಕಳಿಗೆ ಪ್ರತಿ ಮೆಟ್ಟಿಲಿನ ಅಂಚಿಗೆ ಹಳದಿ ಬಣ್ಣದ ಒಂದು ಪಟ್ಟಿ. ಇಷ್ಟೆಲ್ಲ ಮಾಡಿ ಆ ರ‍್ಯಾಂಪಿನ ಮೇಲೆಯೇ ಚಪ್ಪಲಿ ರಾಶಿ ಹಾಕಿದರೆ, ಸ್ಕೂಟರ್ ಅಡ್ಡ ನಿಲ್ಲಿಸಿದರೆ ಎಂಥ ಪ್ರಯೋಜನ?

ಇದು ಕೆಳಗಿನ ಜಗಲಿಗೆ ಆಯಿತು. ಮೇಲಂತಸ್ತಿಗೆ ಹತ್ತಡಿ ಎತ್ತರ, ಅದಕ್ಕೆ ನೂರಿಪ್ಪತ್ತು ಅಡಿ ರ‍್ಯಾಂಪ್ ಆಗುವ ಮಾತಲ್ಲ. ಲಿಫ್ಟ್ ಎಲ್ಲರಿಗೂ ಸಾಧ್ಯ ಇಲ್ಲ. ಹಾಗಂತ ಕೈಕಟ್ಟಿ ಕೂರಬೇಕಾಗಿಲ್ಲ. ತರಗತಿಯನ್ನೇ ಕೆಳಗೆ ತನ್ನಿ. ಆ ಮಗುವನ್ನು ಮಾತ್ರ ಕೆಳಗೆ ಒಂದು ಮೂಲೆಯಲ್ಲಿ ಕೂರಿಸಿ ಬೇರೆ ಪಾಠ ಮಾಡುವುದಲ್ಲ, ಅವಳು ಯಾವ ತರಗತಿಯಲ್ಲಿದ್ದಾಳೋ ಆ ಇಡೀ ತರಗತಿ ಆ ವರ್ಷ ಕೆಳಗೆ. ಮುಂದಿನ ವರ್ಷ ಅವಳು ಪಾಸಾದ ಹಾಗೆ ಮುಂದಿನ ತರಗತಿ ಕೆಳಗೆ. ಮಸೀದಿಗೆ ಸೇರಿದ ಹಾಲ್ ಇದ್ದರೆ ಅಲ್ಲಿ, ಇಲ್ಲದಿದ್ದರೆ ಒಂದು ಅಂಗಡಿ ಕೋಣೆ ಖಾಲಿ ಆದಾಗ ಅದನ್ನು ಪುನಃ ಬಾಡಿಗೆಗೆ ಕೊಡದೆ ತರಗತಿಗೆ ಇಟ್ಟುಕೊಳ್ಳಿ. ಒಂದು ಕೋಣೆಯ ಬಾಡಿಗೆ ಹೋಗುತ್ತದೆ, ನಿಜ. ಅದನ್ನು ಮಹಲ್ಲಿನ ಮನೆಗಳಿಗೆ ಹಂಚಿ ನೋಡಿ, ತಿಂಗಳಿಗೆ ಒಂದೊಂದು ಮನೆಗೆ ಎಷ್ಟು ಬಂತು ಅಂತ.

ಕಾನೂನು ಕೂಡ ಇದನ್ನು ನಮ್ಮ ಇಷ್ಟಕ್ಕೆ ಬಿಟ್ಟಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಸಾರ್ವಜನಿಕ ಕಟ್ಟಡ ಅಂದರೆ ಸರಕಾರದ್ದು ಮಾತ್ರ ಅಲ್ಲ. ಜನ ಬಂದು ಹೋಗುವ ಖಾಸಗಿ ಕಟ್ಟಡವೂ ಸೇರುತ್ತದೆ, ಅದರಲ್ಲಿ ವಿದ್ಯಾಭ್ಯಾಸದ ಕಟ್ಟಡ, ಧಾರ್ಮಿಕ ಕಟ್ಟಡ ಎರಡನ್ನೂ ಹೆಸರು ಹೇಳಿಯೇ ಸೇರಿಸಿದ್ದಾರೆ. ನಿಯಮಗಳು ಬಂದದ್ದು 2017ರ ಜೂನ್‌ನಲ್ಲಿ. ಹಳೆಯ ಕಟ್ಟಡ ಸರಿಪಡಿಸಲಿಕ್ಕೆ ಕೊಟ್ಟ ಐದು ವರ್ಷದ ಗಡುವು 2022ಕ್ಕೇ ಮುಗಿದಿದೆ. ಆ ನಿಯಮ ಬರೀ ಸಲಹೆಯ ಧಾಟಿಯಲ್ಲಿದೆ, ಕಾಯ್ದೆಗೆ ತಕ್ಕ ಹಾಗಿಲ್ಲ, ಕಡ್ಡಾಯ ಮಾನದಂಡ ಮಾಡಿ ಅಂತ 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೇಂದ್ರ ಸರಕಾರಕ್ಕೆ ಹೇಳಿತು. ನೋಟಿಸ್ ಬಂದ ಮೇಲೆ ಓಡಾಡುವುದಕ್ಕಿಂತ ಮೊದಲೇ ಮಾಡುವುದು ಮರ್ಯಾದೆ.

ನೋಟಿಸಿನ ಮಾತು ಬಿಡಿ, ನಮಗೆ ಇದನ್ನು ಕಲಿಸಲಿಕ್ಕೆ ಕೋರ್ಟು ಬೇಕಾಗಿರಲಿಲ್ಲ. ಅಬಸ ಸೂರ ಯಾರ ವಿಷಯದಲ್ಲಿ ಇಳಿಯಿತು ಎಂದು ಎಲ್ಲ ಮಕ್ಕಳಿಗೂ ಹೇಳಿಕೊಡುತ್ತೇವೆ. ಅಬ್ದುಲ್ಲಾಹಿ ಬಿನ್ ಉಮ್ಮು ಮಕ್ತೂಮ್ (ರ) ಅಂಧರು. ಕತೆ ಅಲ್ಲಿಗೆ ನಿಲ್ಲಿಸಿಬಿಡುತ್ತೇವೆ. ಮುಂದಿನದ್ದು ಅದಕ್ಕಿಂತ ದೊಡ್ಡದು. ಪ್ರವಾದಿಯವರು (ಸ) ಅವರಿಗೆ ಮದೀನಾದಲ್ಲಿ ಅಝಾನಿನ ಕೆಲಸ ಕೊಟ್ಟರು. ಕಣ್ಣು ಕಾಣದವರಿಗೆ ಬೆಳಗಾದದ್ದು ಹೇಗೆ ಗೊತ್ತಾಗಬೇಕು? ಬೆಳಗಾಯಿತು ಅಂತ ಪಕ್ಕದಲ್ಲಿದ್ದವರು ಹೇಳುತ್ತಿದ್ದರು, ಆಮೇಲೆ ಅವರು ಅಝಾನ್ ಕೊಡುತ್ತಿದ್ದರು. ನಿಮಗೆ ಕಷ್ಟ ಆಗ್ತದೆ, ಮನೆಯಲ್ಲಿರಿ ಅನ್ನಲಿಲ್ಲ. ಕೆಲಸ ಅವರದ್ದೇ, ಅದಕ್ಕೆ ಬೇಕಾದ ಏರ್ಪಾಡು ಸುತ್ತಲಿನವರದ್ದು. ದಾರಿಯಲ್ಲಿ ಬಿದ್ದ ಮುಳ್ಳು ತೆಗೆಯುವುದು ಈಮಾನಿನ ಭಾಗ ಅಂತ ಮಕ್ಕಳಿಂದ ಬಾಯಿಪಾಠ ಮಾಡಿಸುತ್ತೇವೆ. ಮುಳ್ಳಾದರೂ ತಾನಾಗಿ ಬಿದ್ದದ್ದು, ಮೆಟ್ಟಿಲು ನಾವೇ ದುಡ್ಡು ಕೊಟ್ಟು ಕಟ್ಟಿಸಿದ್ದು.

ಹಣ ಎಲ್ಲಿಂದ ಅನ್ನುವ ಪ್ರಶ್ನೆ ನನಗೆ ಅಷ್ಟು ದೊಡ್ಡದಾಗಿ ಕಾಣುವುದಿಲ್ಲ. ಊರಿಗೊಂದು ಸ್ವಾಗತ ಕಮಾನು ಕಟ್ಟಲಿಕ್ಕೆ, ಇರುವ ಟೈಲ್ಸ್ ಕಿತ್ತು ಗ್ರಾನೈಟ್ ಹಾಕಲಿಕ್ಕೆ, ಮಿನಾರಕ್ಕೆ ಬಣ್ಣದ ಲೈಟು ಬಿಡಲಿಕ್ಕೆ ದಾನಿಗಳು ಸಿಗುತ್ತಾರೆ. ಹದಿನೆಂಟು ಅಡಿ ಸಿಮೆಂಟಿಗೆ, ಎರಡು ಕಂಬಿಗೆ, ಒಂದು ಅಗಲ ಬಾಗಿಲಿಗೆ ಸಿಗುವುದಿಲ್ಲವಾ? ದಾನಿಯ ಹೆಸರು ಕೆತ್ತುವ ಕಲ್ಲು ಬೇಕಾದರೆ ರ‍್ಯಾಂಪಿನ ಗೋಡೆಗೂ ಕೂರಿಸಬಹುದು! ಈ ರ‍್ಯಾಂಪಿನಲ್ಲಿ ನಡೆಯುವುದು ಆ ಒಂದು ಮಗು ಮಾತ್ರವೂ ಅಲ್ಲ. ಮೊಣಗಂಟು ನೋವಿನಿಂದ ಜಮಾಅತಿಗೆ ಬರುವುದನ್ನು ಬಿಟ್ಟ ಹಿರಿಯರು ಎಷ್ಟು ಮಂದಿ ಇದ್ದಾರೆ, ಖತೀಬರನ್ನು ಕೇಳಿ ನೋಡಿ.

ರಮಝಾನಿನಲ್ಲಿ ಮದ್ರಸಕ್ಕೆ ರಜೆ, ಶವ್ವಾಲಿನಲ್ಲಿ ಹೊಸ ದಾಖಲಾತಿ. ನಡುವಿನ ಆ ತಿಂಗಳು ಕಟ್ಟಡ ಖಾಲಿ ಇರುತ್ತದೆ, ರ‍್ಯಾಂಪ್ ಮತ್ತು ಒಂದು ಶೌಚಾಲಯದ ಕೆಲಸಕ್ಕೆ ಅದು ಧಾರಾಳ ಸಾಕು. ರಮಝಾನಿಗೆ ಮೊದಲಿನ ಮಹಾಸಭೆಯಲ್ಲಿ ಇದನ್ನು ಒಂದು ವಿಷಯವಾಗಿ ಇಡಲಿ. ಇಂಜಿನಿಯರ್ ನಕ್ಷೆ ಹಾಕುವ ಮೊದಲು ಕಮಿಟಿಯ ಇಬ್ಬರು ಅಂಥ ಮಕ್ಕಳಿರುವ ಮನೆಗೆ ಹೋಗಿ ತಾಯಂದಿರ ಹತ್ತಿರ ಕೂತು ಮಾತಾಡಲಿ, ಹೋಗುವಾಗ ಟೇಪು ತೆಗೆದುಕೊಂಡು ಹೋಗಿ ವೀಲ್‌ಚೇರಿನ ಅಗಲ ಅಳೆದುಕೊಂಡು ಬರಲಿ.