ಬಚ್ಚಲೊಲೆ ಚಿಮಣಿಗೆ ಸ್ಟೀಲ್ ಪೈಪು: ಅಗ್ಗದ್ದು ತಂದು ಕೆಟ್ಟೆ

ಕಳೆದ ಮಳೆಗಾಲದ ಒಂದು ಸಂಜೆ. ಅಮ್ಮ ಸ್ನಾನದ ಹಂಡೆಗೆ ಬೆಂಕಿ ಹಾಕಿದ್ರು. ಚಿಮಣಿಯೊಳಗಿಂದ ಭೋರ್ ಅಂತ ಸದ್ದು. ಹೊರಗೆ ಬಂದು ನೋಡಿದ್ರೆ ಹೆಂಚಿನ ಮೇಲೆ ಕಿಡಿ ಹಾರ್ತಿದೆ. ಒಳಗೆ ಕಟ್ಟಿದ್ದ ಕರಿಗೆ ಬೆಂಕಿ ಹಿಡಿದಿತ್ತು. ಇಟ್ಟಿಗೆ ಗೂಡಿನ ಬಿರುಕಿನ ಪಕ್ಕದ ಪಕಾಸಿ ಸುಟ್ಟು ಕಪ್ಪಾಗಿತ್ತು. ನಾವು ಎದ್ದಿದ್ದ ಹೊತ್ತು, ಮನೆ ಉಳೀತು.

ತಪ್ಪು ನನ್ನದೇ. ನಾಲ್ಕು ವರ್ಷದ ಹಿಂದೆ ಬಿರುಕು ಕಂಡಾಗಲೇ ಗೂಡಿನೊಳಗೆ ಸ್ಟೀಲ್ ಪೈಪು ಇಳಿಸಿದ್ದೆ. ಅಂಗಡಿಯವರು "ಸ್ಟೇನ್‌ಲೆಸ್ಸೇ ಸ್ವಾಮಿ, ಅಯಸ್ಕಾಂತ ಹಿಡಿಯಲ್ಲ ನೋಡಿ" ಅಂದ್ರು, ನಂಬಿದೆ. ಈಗ ತೆಗೆದು ನೋಡಿದ್ರೆ ಜರಡಿ! ಅದು 202 ಗ್ರೇಡು. ನಿಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸಿದ ಸ್ಟೀಲು. ಅದಕ್ಕೂ ಅಯಸ್ಕಾಂತ ಅಂಟಲ್ಲ, 304ಕ್ಕೂ ಅಂಟಲ್ಲ. ಹಾಗಾಗಿ ಆ ಪರೀಕ್ಷೆಯಿಂದ ಏನೂ ತಿಳಿಯಲ್ಲ. ಬಿಲ್ಲಿನಲ್ಲಿ ಗ್ರೇಡು ಬರೆಸಿಕೊಳ್ಳಿ. ಬರೆದುಕೊಡಲ್ಲ ಅಂದ್ರೆ ಬೇರೆ ಅಂಗಡಿ ನೋಡಿ.

ನನ್ನ ಅಭಿಪ್ರಾಯ ಇಷ್ಟು. ಬರೀ ಕಟ್ಟಿಗೆ ಉರಿಸೋರಿಗೆ 304 ಸಾಕು. ತೆಂಗಿನ ಸಿಪ್ಪೆ ಜಾಸ್ತಿ ಹಾಕೋರು, ಕರಾವಳಿ ಕಡೆಯೋರು 316 ನೋಡಬಹುದು. ಸಿಪ್ಪೆಯಲ್ಲಿರೋ ಕ್ಲೋರೈಡು ಸ್ಟೀಲನ್ನ ಚುಕ್ಕಿ ಚುಕ್ಕಿಯಾಗಿ ತಿನ್ನುತ್ತೆ, 316ರಲ್ಲಿರೋ ಮಾಲಿಬ್ಡಿನಮ್ ಅದನ್ನ ತಡೆಯುತ್ತೆ. ಪ್ಲಾಸ್ಟಿಕ್ ಒಲೆಗೆ ಹಾಕೋರಿಗೆ ಯಾವ ಗ್ರೇಡೂ ಬಾಳಲ್ಲ. ಜಿಐ ತಗಡಿನ ಸತು 420 ಡಿಗ್ರಿ ಹತ್ತಿರ ಕರಗುತ್ತೆ, ಅದು ಬೇಡ. ಹಳೇ ಅಸ್ತ್ರ ಒಲೆಯ ಆಸ್‌ಬೆಸ್ಟಾಸ್ ಪೈಪು ಇದ್ರೆ ನೀವೇ ಗರಗಸ ಹಾಕಬೇಡಿ, ಆ ಧೂಳು ಶ್ವಾಸಕೋಶಕ್ಕೆ ವಿಷ.

ಅಳತೆಯಲ್ಲೂ ಜಿಪುಣತನ ಮಾಡಬೇಡಿ. ನನ್ನ ಒಲೆ ಬಾಯಿ 6 ಇಂಚು, ನಾನು ಹಾಕಿದ್ದು 4 ಇಂಚಿನ ಪೈಪು. ಎರಡೇ ಇಂಚು ಅಲ್ವಾ ಅನ್ಕೊಂಡಿದ್ದೆ. ಲೆಕ್ಕ ಹಾಕಿದ್ರೆ ಹೊಗೆ ಹೋಗೋ ಜಾಗ ಅರ್ಧಕ್ಕಿಂತ ಕಡಿಮೆ! ಅಮ್ಮ ಅಷ್ಟು ವರ್ಷ ಕಣ್ಣುಜ್ಜಿಕೊಂಡಿದ್ದು ಅದಕ್ಕೇ.

ಜೋಡಿಸೋವಾಗ ಮೇಲಿನ ತುಂಡಿನ ತುದಿ ಕೆಳಗಿನ ತುಂಡಿನ ಒಳಗೆ ಕೂರಬೇಕು. ಆಗ ಇಳಿಯೋ ಕರಿನೀರು ಒಳಗೇ ಹರಿದು ಒಲೆಗೆ ಬರುತ್ತೆ. ನಮ್ಮಲ್ಲಿ ಉಲ್ಟಾ ಕೂರಿಸಿದ್ರು, ಗೋಡೆಯೆಲ್ಲ ಡಾಂಬರು.

ಕೊನೇ ಮಾತು. ಎಷ್ಟೇ ಒಳ್ಳೇ ಪೈಪು ತಂದ್ರೂ ಹಸಿ ಕಟ್ಟಿಗೆ ಹಾಕಿದ್ರೆ ಕರಿ ಕಟ್ಟೇ ಕಟ್ಟುತ್ತೆ. ಒದ್ದೆ ಸೌದೆಯ ಹೊಗೆ ತಣ್ಣನೆ ಪೈಪಿಗೆ ತಾಗಿ ಟಾರಾಗಿ ಅಂಟಿಕೊಳ್ಳುತ್ತೆ. ಅವತ್ತು ಹೊತ್ತಿದ್ದೂ ಅದೇ. ಬೇಸಿಗೆಯಲ್ಲೇ ಸೌದೆ ಕೊಟ್ಟಿಗೆ ತುಂಬಿಸಿ, ಮಳೆಗಾಲಕ್ಕೆ ಮುಂಚೆ ಒಮ್ಮೆ, ದೀಪಾವಳಿ ಕಳೆದ ಮೇಲೆ ಒಮ್ಮೆ ಬ್ರಷ್ ಆಡಿಸಿ. ಅಡಿಕೆ ಔಷಧಿಗೆ ಸಾವಿರಗಟ್ಟಲೆ ಸುರೀತೀವಿ, ಮಲಗೋ ಮನೆಯ ಚಿಮಣಿಗೆ ಚೌಕಾಸಿ ಮಾಡ್ತೀವಿ. ನಾನೂ ಮಾಡಿದ್ದೆ. ಇವತ್ತೇ ಒಂದು ಟಾರ್ಚ್ ಹಿಡಿದು ನಿಮ್ಮ ಚಿಮಣಿಯೊಳಗೆ ನೋಡಿ.