ಕತ್ತಿ ಯಾಕೆ ಹೊರಗೆ ಬಂತು?

ಶುಕ್ರವಾರ ರಾತ್ರಿ ಓಟಿಟಿ ತೆರೆದು ಅರ್ಧ ಗಂಟೆ ಸ್ಕ್ರೋಲ್ ಮಾಡಿ, ಏನೂ ಹಿಡಿಸದೆ ಅದೇ ಹಳೇ ಸೀರೀಸ್ ಹಾಕ್ಕೊಂಡು ನಿದ್ದೆ ಹೋಗೋರ ಪೈಕಿನಾ ನೀವು? ಹಾಗಿದ್ರೆ ಈ ವಾರದ ಪಟ್ಟಿ ನಿಮಗೇ. ಎಲ್ಲಾ ಕತ್ತಿವರಸೆ ಸಿನಿಮಾಗಳು. ಇಂಗ್ಲಿಷ್‌ನಲ್ಲಿ ಇವಕ್ಕೆ ಸ್ವಾಶ್‌ಬಕ್ಲರ್ ಅಂತಾರೆ. ಬಕ್ಲರ್ ಅಂದ್ರೆ ಕೈಗುರಾಣಿ. ಅದಕ್ಕೆ ಕತ್ತಿ ಬಡಿದು ಸದ್ದು ಮಾಡ್ತಾ ಮೆರೆಯೋ ಪುಂಡನಿಗೆ ಇದ್ದ ಹೆಸರು, ಆಮೇಲೆ ಹೀರೋಗೂ ಸಿನಿಮಾಗೂ ಅಂಟಿಕೊಂಡಿತು.

ಈಗಿನ ಐತಿಹಾಸಿಕ ಸಿನಿಮಾಗಳಲ್ಲಿ ಕತ್ತಿಗೇನೂ ಬರ ಇಲ್ಲ. ಗ್ರಾಫಿಕ್ಸ್ ಸೈನಿಕರು ಒಂದೇ ಫ್ರೇಮಲ್ಲಿ ಸಾವಿರಗಟ್ಟಲೆ ನುಗ್ತಾರೆ. ಯಾರು ಯಾರನ್ನ ಹೊಡೀತಿದಾರೆ ಅಂತ ಗೊತ್ತಾಗೋ ಹೊತ್ತಿಗೆ ಯುದ್ಧವೇ ಮುಗಿದಿರುತ್ತೆ. ಅದಕ್ಕೇ ಈ ಪಟ್ಟಿಗೆ ನಾನು ಹಾಕಿದ್ದು ಒಂದೇ ಫಿಲ್ಟರ್: ಒರೆಯಿಂದ ಕತ್ತಿ ಯಾಕೆ ಹೊರಗೆ ಬಂತು ಅನ್ನೋದು ನೋಡೋರಿಗೆ ಮುಖ್ಯ ಅನ್ನಿಸಬೇಕು.

ದಿ ಅಡ್ವೆಂಚರ್ಸ್ ಆಫ್ ರಾಬಿನ್ ಹುಡ್ (1938)

ಶುರು ಇಲ್ಲಿಂದಲೇ ಆಗಲಿ. ಇಂಗ್ಲೆಂಡಿನ ರಾಜ ರಿಚರ್ಡ್ ಪರದೇಶದಲ್ಲಿ ಸೆರೆ ಸಿಕ್ಕಿದ್ದಾನೆ, ಅವನ ಬಿಡುಗಡೆ ಹಣದ ನೆಪದಲ್ಲಿ ತಮ್ಮ ಜಾನ್ ಜನರಿಂದ ತೆರಿಗೆ ಹಿಂಡ್ತಿದ್ದಾನೆ. ಕಾರಣ ಅಷ್ಟು ಸರಳ. ಎರಾಲ್ ಫ್ಲಿನ್ ಜಿಂಕೆಯೊಂದನ್ನು ಹೆಗಲ ಮೇಲೆ ಹೊತ್ತು ಶತ್ರುಗಳ ಔತಣದ ಹಾಲ್‌ಗೇ ನಡೆದು ಬರೋ ದೃಶ್ಯಕ್ಕೆ ಇವತ್ತಿಗೂ ಶಿಳ್ಳೆ ಹೊಡೀಬಹುದು. ಕೊನೆಯ ಕಾಳಗದಲ್ಲಿ ಇಬ್ಬರೂ ಪರದೆಯಿಂದ ಆಚೆ ಸರಿದು, ಕಂಬದ ಮೇಲೆ ಬರೀ ನೆರಳುಗಳು ಹೊಡೆದಾಡ್ತವೆ. ಎದುರಾಳಿ ಬೇಸಿಲ್ ರಾಥ್‌ಬೋನ್‌ಗೆ ನಿಜವಾಗಿಯೂ ಕತ್ತಿವರಸೆ ಚೆನ್ನಾಗಿ ಬರ್ತಿತ್ತು. ವಿಲನ್ ಆಗಿದ್ದಕ್ಕೆ ಪಾಪ, ಪರದೆ ಮೇಲೆ ಸೋಲಬೇಕಾಯ್ತು.

ದಿ ಮಾರ್ಕ್ ಆಫ್ ಜೋರೋ (1940)

ರಾಥ್‌ಬೋನ್ ಇನ್ನೊಮ್ಮೆ ಸೋಲೋದು ನೋಡಬೇಕಾ? ಇಲ್ಲಿ ಬನ್ನಿ. ಸ್ಪೇನ್ ಆಳ್ತಿದ್ದ ಕಾಲದ ಲಾಸ್ ಏಂಜಲೀಸ್. ಟೈರೋನ್ ಪವರ್ ಊರ ಕಣ್ಣಿಗೆ ಶೋಕಿಲಾಲ, ಗುಟ್ಟಾಗಿ ಮುಖವಾಡದ ಜೋರೋ. ವಿಲನ್ ಕತ್ತಿ ಬೀಸಿ ಉರಿಯೋ ಮೇಣದಬತ್ತಿಯ ತುದಿ ಹಾರಿಸ್ತಾನೆ. ಹೀರೋನೂ ಬೀಸ್ತಾನೆ, ಬತ್ತಿ ಅಲುಗೋದೇ ಇಲ್ಲ. ಗುರಿ ತಪ್ಪಿತು ಅಂತ ವಿಲನ್ ನಗ್ತಾನೆ. ಆಮೇಲೆ ಹೀರೋ ಕತ್ತರಿಸಿದ ಮೇಲಿನ ತುಂಡನ್ನ ಮೆಲ್ಲಗೆ ಎತ್ತಿ ತೋರಿಸ್ತಾನೆ!

ಸ್ಕ್ಯಾರಮೂಶ್ (1952)

ಫ್ರೆಂಚ್ ಕ್ರಾಂತಿಗೆ ಸ್ವಲ್ಪ ಮುಂಚಿನ ಕಥೆ. ಆಂದ್ರೆ ಮೊರೋನ ಕಣ್ಣೆದುರೇ ಅವನ ಗೆಳೆಯನನ್ನ ಒಬ್ಬ ಮಾರ್ಕ್ವಿಸ್ ಬೆಕ್ಕು ಇಲಿಯನ್ನ ಆಡಿಸಿದ ಹಾಗೆ ಆಡಿಸಿ ಕೊಲ್ತಾನೆ. ಸೇಡು ತೀರಿಸ್ಕೊಬೇಕು, ಆದರೆ ಮೊರೋಗೆ ಸರಿಯಾಗಿ ಕತ್ತಿ ಹಿಡಿಯೋಕೇ ಬರಲ್ಲ. ಓಡಿಹೋಗಿ ನಾಟಕ ಕಂಪನಿ ಸೇರ್ತಾನೆ, ಮುಖವಾಡದ ಹಿಂದೆ ಅಡಗ್ತಾನೆ. ಆ ಮಾರ್ಕ್ವಿಸ್‌ಗೆ ಪಾಠ ಹೇಳೋ ಗುರುವಿನ ಹತ್ರವೇ ಗುಟ್ಟಾಗಿ ಕಲೀತಾನೆ. ಹೀರೋ ಹುಟ್ತಾನೇ ಪಂಟರ್ ಆಗಿರೋ ಸಿನಿಮಾಗಳನ್ನ ನೋಡಿ ಬೆಳೆದ ನಮಗೆ, ಸೋತು ಕಲಿಯೋ ಹೀರೋ ತುಂಬಾ ಹತ್ತಿರದವನು ಅನ್ನಿಸ್ತಾನೆ. ಕೊನೆಯ ಕಾಳಗ ಆರು ನಿಮಿಷಕ್ಕೂ ಹೆಚ್ಚು. ಥಿಯೇಟರಿನ ಬಾಲ್ಕನಿಯ ಅಂಚಿನ ಮೇಲೆ, ಮೆಟ್ಟಿಲ ಮೇಲೆ, ಸೀಟುಗಳ ನಡುವೆ, ಕೊನೆಗೆ ರಂಗದ ಮೇಲೆ. ದಯವಿಟ್ಟು ಇದನ್ನ 1.5 ಸ್ಪೀಡಲ್ಲಿ ನೋಡಬೇಡಿ.

ದಿ ಡ್ಯುಯಲಿಸ್ಟ್ಸ್ (1977)

ನನ್ನ ಫಿಲ್ಟರ್‌ನ ತಲೆಕೆಳಗು ಮಾಡೋ ಸಿನಿಮಾ ಇದು. 'ಗ್ಲಾಡಿಯೇಟರ್' ಮಾಡಿದ ರಿಡ್ಲಿ ಸ್ಕಾಟ್‌ನ ಮೊದಲ ಚಿತ್ರ, ಜೋಸೆಫ್ ಕಾನ್ರಾಡ್‌ನ ಕಥೆ. ನೆಪೋಲಿಯನ್ ಸೇನೆಯ ಇಬ್ಬರು ಅಧಿಕಾರಿಗಳು, ಫೆರೋ ಮತ್ತು ಡ್ಯೂಬೇರ್. ಮೇಲಿನವರ ಆದೇಶ ತಲುಪಿಸೋಕೆ ಡ್ಯೂಬೇರ್ ಬರ್ತಾನೆ, ನಾಲ್ಕು ಜನರ ಮುಂದೆ ಅವಮಾನ ಆಯ್ತು ಅಂತ ಫೆರೋ ಕತ್ತಿ ಎಳೀತಾನೆ. ಅಷ್ಟೇ. ಅಲ್ಲಿಂದ ಹದಿನೈದು ವರ್ಷ ಸಿಕ್ಕಲ್ಲೆಲ್ಲಾ ಹೊಡೆದಾಟ. ನೆಪೋಲಿಯನ್ ಏರ್ತಾನೆ, ರಷ್ಯಾದ ಹಿಮದಲ್ಲಿ ಸೇನೆ ಸಾಯುತ್ತೆ, ಸಾಮ್ರಾಜ್ಯವೇ ಮುಳುಗುತ್ತೆ. ಇವರ ಜಗಳ ಮಾತ್ರ ಮುಗಿಯಲ್ಲ. ಒಂದು ಕಾಳಗದಲ್ಲಿ ಇಬ್ಬರೂ ರಕ್ತ ಸುರಿಸ್ತಾ, ಕತ್ತಿ ಎತ್ತೋ ಶಕ್ತಿಯೂ ಇಲ್ಲದೆ ತೂರಾಡ್ತಾರೆ. ಶಿಳ್ಳೆ ಹೊಡೆಯೋಕೆ ಮನಸ್ಸೇ ಬರಲ್ಲ.

ನಾನು ಕೆಲಸ ಮಾಡಿದ ಒಂದು ಟೀಮಲ್ಲಿ ಇಬ್ಬರು ಸೀನಿಯರ್‌ಗಳಿದ್ರು. ಒಂದು ಕೋಡ್ ರಿವ್ಯೂ ಕಾಮೆಂಟ್‌ನಿಂದ ಶುರುವಾದ ಮುನಿಸು ಎರಡು ವರ್ಷ ನಡೀತು. ಒಬ್ಬರಿದ್ದ ಕಾಲ್‌ಗೆ ಇನ್ನೊಬ್ಬರು ಬರ್ತಿರಲಿಲ್ಲ, ಮಧ್ಯೆ ನಾವು ಜೂನಿಯರ್‌ಗಳು ಅಂಚೆಯವರು. ಒಬ್ಬರು ಕೆಲಸ ಬಿಟ್ಟ ದಿನ ಇನ್ನೊಬ್ಬರು ಫೇರ್‌ವೆಲ್ ಕೇಕ್ ಮುಟ್ಟಲಿಲ್ಲ. ಆ ಕಾಮೆಂಟ್ ಏನಿತ್ತು ಅಂತ ಕೇಳಿದ್ರೆ ಟೀಮಲ್ಲಿ ಯಾರಿಗೂ ನೆನಪಿರಲಿಲ್ಲ. ಡ್ಯೂಬೇರ್‌ಗೂ ಹೋರಾಡೋಕೆ ಇಷ್ಟ ಇರಲ್ಲ. ಆದರೆ ಒಲ್ಲೆ ಅಂದ್ರೆ ಹೇಡಿ ಅಂತಾರಲ್ಲ! ಕತ್ತಿ ಎಳೆಯೋಕಿಂತ ಅದನ್ನ ಒರೆಗೆ ಸೇರಿಸೋಕೇ ಜಾಸ್ತಿ ಧೈರ್ಯ ಬೇಕು.

ಮಾಸ್ಟರ್ ಅಂಡ್ ಕಮಾಂಡರ್ (2003)

1805, ನಡುಗಡಲು. ರಸೆಲ್ ಕ್ರೋ ಬ್ರಿಟಿಷ್ ನೌಕಾಪಡೆಯ ಕ್ಯಾಪ್ಟನ್, ತನಗಿಂತ ಬಲಶಾಲಿಯಾದ ಫ್ರೆಂಚ್ ಹಡಗಿನ ಬೆನ್ನು ಹತ್ತಿದ್ದಾನೆ. ಕೈ ಕೈ ಮಿಲಾಯಿಸೋ ಕತ್ತಿ ಕಾಳಗ ಬರೋದೇ ಕೊನೆಗೆ. ಅಲ್ಲೀತನಕ ಕಾಯೋದು, ಹಡಗು ರಿಪೇರಿ, ಕ್ಯಾಪ್ಟನ್‌ನ ವಯಲಿನ್ ಮತ್ತು ಡಾಕ್ಟರ್‌ನ ಚೆಲ್ಲೊ ಜುಗಲ್‌ಬಂದಿ. ಹಡಗಲ್ಲಿರೋ ಅಷ್ಟೂ ಜನ ನಮಗೆ ಪರಿಚಯ ಆದಮೇಲೆ ಯುದ್ಧ. ಮೀಸೆ ಚಿಗುರದ ಹುಡುಗನೂ ಅದರಲ್ಲಿದ್ದಾನೆ. ಆಮೇಲೆ ಸತ್ತವರನ್ನ ಬಟ್ಟೆಯಲ್ಲಿ ಹೊಲಿಯೋ ದೃಶ್ಯ ಬರುತ್ತೆ. ಗೆಲುವಿಗೆ ಎಷ್ಟು ಬೆಲೆ ಆಯ್ತು ಅಂತ ಆಗ ಗೊತ್ತಾಗುತ್ತೆ.

ಇದೇ ಫಿಲ್ಟರ್ ಹಾಕಿ ಅಣ್ಣಾವ್ರ 'ಮಯೂರ'ವನ್ನೂ (1975) ಮತ್ತೊಮ್ಮೆ ನೋಡಿ. ಪಲ್ಲವರ ಮೇಲೆ ಆ ಹುಡುಗ ಕತ್ತಿ ಎತ್ತಿದ್ದು ಯಾಕೆ ಅಂತ ಯಾರೂ ಕೇಳಲ್ಲ, ಅಷ್ಟು ಸ್ಪಷ್ಟ.

ಮಕ್ಕಳು ಜೊತೆಗಿದ್ರೆ ರಾಬಿನ್ ಹುಡ್ ಹಾಕಿ. ಒಬ್ಬರೇ ಇದ್ದು ಮಳೆ ಬರ್ತಿದ್ರೆ ಮಾಸ್ಟರ್ ಅಂಡ್ ಕಮಾಂಡರ್. ಮಾತು ಬಿಟ್ಟಿರೋ ಸಹೋದ್ಯೋಗಿ ಯಾರಾದ್ರೂ ಇದ್ರೆ, ಡ್ಯುಯಲಿಸ್ಟ್ಸ್. ಸೋಮವಾರಕ್ಕೆ ಮುಂಚೆ ನೋಡಿ ಮುಗಿಸಿ.